ಎರಡನೇ ಸೆನ್ಸರ್

ಫೆಬ್ರವರಿ 11

ಭಾವ,

ಲಕೋಟೆ ಹಿಂದೆ ನನ್ನ ವಿಳಾಸ ನೋಡಿದ ಮೇಲೂ ಒಡೆದು ಓದ್ತಿದ್ದೀರಿ ಅಂದ್ರೆ ಅರ್ಧ ಗೆದ್ದ ಹಾಗೆ. ಆರು ವರ್ಷದಲ್ಲಿ ನಿಮಗೆ ನಾನು ಬರೀತಿರೋ ಮೊದಲ ಕಾಗದ ಇದು. ನಿಮ್ಮ ಕ್ಷೇಮ ಕೇಳೋಕೆ ಬರೆದೆ ಅಂತ ಬೂಟಾಟಿಕೆ ಮಾಡಲ್ಲ. ನಿಮ್ಮನ್ನ ಬೈದವರಲ್ಲಿ ನಾನೂ ಒಬ್ಬಳು. ಗ್ಯಾರೇಜಿಗೆ ಸೀಲ್ ಬಿದ್ದ ದಿನ "ಅಣ್ಣ ಅನ್ನಿಸಿಕೊಂಡೋನು ತಮ್ಮನ ಅನ್ನಕ್ಕೆ ಮಣ್ಣು ಹಾಕಿದ" ಅಂತ ನಾನು ಅಂದಿದ್ದು ನಿಮ್ಮ ಕಿವಿಗೂ ಬಿದ್ದಿರುತ್ತೆ. ಆದ್ರೂ ಬರೀತಿದ್ದೀನಿ. ಈ ವ್ಯಾನನ್ನ ಬಿಚ್ಚಿ ಕಟ್ಟಿದವರಲ್ಲಿ ಈಗ ಬದುಕಿರೋರು ನೀವೊಬ್ಬರೇ.

ಇವರು ಹೋದಮೇಲೆ, ಎರಡು ವರ್ಷದಿಂದ, ವ್ಯಾನ್ ನಾನೇ ಓಡಿಸ್ತಿದ್ದೀನಿ. ಲಾಂಡ್ರಿಯಿಂದ ಹೆರಿಗೆ ಆಸ್ಪತ್ರೆಗೆ ಒಗೆದ ಬಟ್ಟೆ, ಆಸ್ಪತ್ರೆಯಿಂದ ಲಾಂಡ್ರಿಗೆ ಕೊಳೆ ಬಟ್ಟೆ, ದಿನಕ್ಕೆ ನಾಲ್ಕು ಸಲ. ನಾನು, ಅತ್ತೆ, ಪುಟ್ಟಿ, ಮೂವರ ಹೊಟ್ಟೆಯೂ ಅದರ ಮೇಲೇ ನಿಂತಿದೆ. ಪುಟ್ಟಿಯನ್ನ ನೀವು ನೋಡಿಲ್ಲ. ನೀವು ಊರು ಬಿಟ್ಟು ಐದು ತಿಂಗಳಿಗೆ ಹುಟ್ಟಿದಳು. ಬಾಯಿ ನನ್ನದು, ಹಟ ನಿಮ್ಮ ಮನೆತನದ್ದು.

ಹೋದ ತಿಂಗಳು ಸ್ಟೇರಿಂಗ್ ಮುಂದೆ ಇಂಜಿನ್ ಚಿತ್ರದ ಹಳದಿ ದೀಪ ಹತ್ತಿಕೊಂಡಿತು. ಈ ವರ್ಷದಿಂದ ಹೊಸ ನಿಯಮ ಬಂದಿದೆ. ಹದಿನೈದು ವರ್ಷ ದಾಟಿದ ಗಾಡಿಗೆ ಹಿಂದಿನ ಕೊಳವೆಯಲ್ಲಿ ಹೊಗೆ ನೋಡಿದ್ರೆ ಸಾಲದು, ಗಾಡಿಯ ಕಂಪ್ಯೂಟರಿಗೂ ತಂತಿ ಚುಚ್ಚಿ ಓದ್ತಾರೆ. ದೀಪ ಹತ್ತಿದ್ರೆ ಫೇಲ್. ನಮ್ಮ ಮುದುಕಿಗೆ ಹದಿನೆಂಟು. ನಾನು ಮಹಾ ಬುದ್ಧಿವಂತೆ ಅಂದ್ಕೊಂಡು ಪರೀಕ್ಷೆ ದಿನ ಬೆಳಗ್ಗೆ ಬ್ಯಾಟರಿ ತಂತಿ ಕಿತ್ತು ಮತ್ತೆ ಹಾಕಿ, ದೀಪ ಆರಿಸಿಕೊಂಡು ಹೋದೆ. ತಪಾಸಣೆಯವನು ತಂತಿ ಚುಚ್ಚಿ ನೋಡಿ, "ಅಕ್ಕಾ, ಇದಕ್ಕೆ ನಿನ್ನೆಯದೇನೂ ನೆನಪಿಲ್ಲ. ಬ್ಯಾಟರಿ ಕಿತ್ತು ಬರೋರು ದಿನಕ್ಕೆ ಹತ್ತು ಜನ ಸಿಗ್ತಾರೆ ನನಗೆ" ಅಂದ. ಮುಖ ಎಲ್ಲಿಟ್ಟುಕೊಳ್ಳಬೇಕೋ ಗೊತ್ತಾಗಲಿಲ್ಲ. ಇರೋದು ಮೂರು ಅವಕಾಶ, ಅದರಲ್ಲಿ ಒಂದು ಹಾಗೆ ಹೋಯ್ತು. ಏಪ್ರಿಲ್ ಮೂವತ್ತರೊಳಗೆ ಪಾಸಾಗದಿದ್ರೆ ನಂಬರ್ ರದ್ದು. ವ್ಯಾನ್ ಗುಜರಿಗೆ, ನಾವು ಬೀದಿಗೆ.

ಆಮೇಲೆ ದೀಪ ಮತ್ತೆ ಹತ್ತಿದಾಗ ಒಬ್ಬ ಮೆಕ್ಯಾನಿಕ್ ಹತ್ತಿರ ಹೋಗಿ ಕಂಪ್ಯೂಟರ್ ಓದಿಸಿದೆ. ಚೀಟಿಯಲ್ಲಿ "ಆಕ್ಸಿಜನ್ ಸೆನ್ಸರ್ ಎರಡೂ ಹಾಳು" ಅಂತ ಬರೆದುಕೊಟ್ಟ. ಇಲ್ಲಿಯ ಗ್ಯಾರೇಜುಗಳಲ್ಲಿ ಎರಡು ವಾರ ಗಾಡಿ ಬಿಟ್ಟು ಹೋಗು ಅಂತಾರೆ. ಎರಡು ವಾರ ಆ ಬಟ್ಟೆಗಳನ್ನ ನಾನು ತಲೆ ಮೇಲೆ ಹೊರೋಕಾಗುತ್ತಾ? ನಾನೇ ಬದಲಾಯಿಸ್ತೀನಿ. ಹೇಗೆ ಅಂತ ಬರೆದು ತಿಳಿಸಿ. ನಿಮ್ಮ ವಿಳಾಸ ಬಿಡಿಭಾಗದ ಅಂಗಡಿಯವರು ಕೊಟ್ಟರು. ಅತ್ತೆಗೆ ಈ ಕಾಗದದ ಸುದ್ದಿ ಗೊತ್ತಿಲ್ಲ.

ನಿಮ್ಮ ತಮ್ಮನ ಹೆಂಡತಿ

—

ಫೆಬ್ರವರಿ 20

ತಂಗೀ,

ಕಾಗದ ಬಂತು. ಎರಡು ದಿನ ಜೇಬಲ್ಲಿಟ್ಟುಕೊಂಡು ಓಡಾಡಿದೆ. ನೀನು ಬೈದಿದ್ದು ಕಿವಿಗೆ ಬಿದ್ದಿತ್ತು, ಬಿಡು. ಅದು ಹಳೇ ಮಾತು.

ವಿಷಯಕ್ಕೆ ಬರ್ತೀನಿ. ಸೆನ್ಸರ್ ಅಂದ್ರೆ ಹೊಗೆ ಹೋಗೋ ಕೊಳವೆಗೆ ಚುಚ್ಚಿದ ಮೂಗು. ಮುಂದಿನದು ಇಂಜಿನ್ ಪಕ್ಕದಲ್ಲಿದೆ. ಪೆಟ್ರೋಲ್ ಜಾಸ್ತಿ ಆಯ್ತು, ಕಮ್ಮಿ ಆಯ್ತು ಅಂತ ಇಂಜಿನ್ನಿಗೆ ಹೇಳೋದು ಅದರ ಕೆಲಸ. ಹಿಂದಿನದು ಕನ್ವರ್ಟರ್ ಡಬ್ಬದ ಆಚೆಗಿದೆ. ಡಬ್ಬ ಹೊಗೆಯನ್ನ ಸರಿಯಾಗಿ ತೊಳೀತಿದೆಯೋ ಇಲ್ವೋ ಅಂತ ಕಂಪ್ಯೂಟರಿಗೆ ಚಾಡಿ ಹೇಳೋದು ಅದರ ಕೆಲಸ. ಹದಿನೆಂಟು ವರ್ಷದ ಮೇಲೆ ಮೂಗು ಕಟ್ಟೋದು ಸಹಜ.

ಗಾಡಿ ಹತ್ತು ನಿಮಿಷ ಓಡಿಸಿ, ಕೊಳವೆ ಬೆಚ್ಚಗಿರುವಾಗ ಕೆಲಸ ಶುರು ಮಾಡು. ಕೆಂಪಗೆ ಕಾದಿದ್ರೆ ಬೇಡ, ಕೈ ಸುಟ್ಟುಕೊಳ್ತೀಯ. ಜ್ಯಾಕ್ ಮೇಲೆ ನಿಲ್ಲಿಸಿದ ಗಾಡಿ ಕೆಳಗೆ ತಲೆ ಹಾಕಬೇಡ, ನಾಲ್ಕು ಕಡೆ ಸ್ಟ್ಯಾಂಡ್ ಕೊಡು. ಹಿಂದಿನ ದಿನವೇ ಬುಡಕ್ಕೆ ತುಕ್ಕು ಬಿಡಿಸೋ ಎಣ್ಣೆ ಬಿಟ್ಟಿರು. ಇಪ್ಪತ್ತೆರಡರ ಸ್ಪ್ಯಾನರ್, ತಂತಿ ಹೋಗೋಕೆ ಪಕ್ಕದಲ್ಲಿ ಸೀಳಿರೋದು ಕೇಳಿ ತಗೋ. ಜಗ್ಗಬೇಡ, ಒಂದೇ ಸಮ ಒತ್ತು. ಹೊಸದರ ತುದಿಗೆ ಬೆರಳು ತಾಗಿಸಬೇಡ. ತಿರುಪಿನ ಸುತ್ತುಗಳಿಗೆ ಗ್ರೀಸ್ ಹಚ್ಚುವಾಗ ತುದಿಗೆ ಮೆತ್ತಿಕೊಳ್ಳದ ಹಾಗೆ ನೋಡ್ಕೋ. ಬಹಳ ಜನ ಹೊಸ ಸೆನ್ಸರನ್ನ ಹಾಕೋ ಹೊತ್ತಿಗೇ ಕೊಂದಿರ್ತಾರೆ.

ಇನ್ನೊಂದು ಮಾತು. ಹಿಂದಿನ ಸೆನ್ಸರಿನ ಬುಡದಲ್ಲಿ ಬೆರಳುದ್ದದ ಒಂದು ಕಬ್ಬಿಣದ ತುಂಡು ಇದೆ. ಸೆನ್ಸರ್ ಅದರ ಮೇಲೆ ಕೂತಿರುತ್ತೆ. ಆ ತುಂಡನ್ನ ತೆಗೀಬೇಡ, ಹೊಸದನ್ನ ಅದರ ಮೇಲೇ ಕೂರಿಸು. ಯಾಕೆ ಅಂತ ಕೇಳಬೇಡ.

ಫೋನ್ ನಂಬರನ್ನೂ ಕೇಳಬೇಡ. ನೀನು ಮಾತಾಡುವಾಗ ಹಿಂದೆ ಅಮ್ಮ ಕೆಮ್ಮಿದ್ರೆ ನನಗೆ ಕೇಳಿಸುತ್ತೆ. ತಮ್ಮ ಹೋದಾಗ "ಬರಬೇಡ" ಅಂತ ಹೇಳಿಕಳಿಸಿದ್ದಳು. ಅವಳ ಮಾತು ಮೀರಲಿಲ್ಲ. ಈಗಲೂ ಮೀರಲ್ಲ.

ಭಾವ

—

ಮಾರ್ಚ್ 9

ಭಾವ,

ಅತ್ತೆ ಬರಬೇಡ ಅಂತ ಹೇಳಿಕಳಿಸಿದ್ದು ನನಗೆ ಗೊತ್ತಿರಲಿಲ್ಲ. ತಮ್ಮನ ಮುಖ ನೋಡೋಕೂ ಬರಲಿಲ್ಲ, ಎಂಥಾ ಕಲ್ಲು ಮನುಷ್ಯ ಅಂತ ಎರಡು ವರ್ಷದಿಂದ ನಿಮ್ಮನ್ನ ಬೈತಾ ಇದ್ದೆ. ಆ ಬೈಗುಳ ವಾಪಸ್ ತಗೊಂಡಿದ್ದೀನಿ. ಮಿಕ್ಕ ಬೈಗುಳ ಸದ್ಯಕ್ಕೆ ಹಾಗೇ ಇರಲಿ.

ಈಗ ನನ್ನ ಪ್ರತಾಪ ಕೇಳಿ. ಮುಂದಿನ ಸೆನ್ಸರ್ ಒಂದೇ ಮಧ್ಯಾಹ್ನದಲ್ಲಿ ಬಿಚ್ಚಿ ಹಾಕಿದೆ. ಲಾಂಡ್ರಿ ಹಿಂದಿನ ಅಂಗಳದಲ್ಲಿ, ಹಳೇ ಚಾದರ ಹಾಸಿಕೊಂಡು. ಇಸ್ತ್ರಿ ಮಾಡೋ ಹೆಂಗಸರೆಲ್ಲ ಸುತ್ತ ನಿಂತು, ಯಾರಿಗೋ ಹೆರಿಗೆ ಆಗ್ತಿದೆ ಅನ್ನೋ ಥರ "ಬಂತಾ? ಬಂತಾ?" ಅಂತ ಕೇಳ್ತಿದ್ರು. ಬಂತು ಅಂದಾಗ ಚಪ್ಪಾಳೆ ಬೇರೆ. ಹಳೇದರ ತುದಿ ಒಲೆ ಬೂದಿಯ ಹಾಗೆ ಬೆಳ್ಳಗಾಗಿತ್ತು. ಹೊಸದು ಹಾಕಿ ಸ್ಟಾರ್ಟ್ ಮಾಡಿದ್ರೆ ಇಂಜಿನ್ ಗೊಣಗೋದು ನಿಲ್ಲಿಸಿತು. ನನಗೆ ಎಷ್ಟು ಹೆಮ್ಮೆ ಆಯ್ತು ಅಂದ್ರೆ, ಮನೆಗೆ ಹೋಗಿ ಅತ್ತೆಗೆ ಹೇಳೋಕೆ ಬಾಯಿ ತೆರೆದು, ಯಾರು ಕಲಿಸಿದ್ರು ಅಂತ ಕೇಳ್ತಾರೆ ಅಂತ ನೆನಪಾಗಿ ನುಂಗಿಕೊಂಡೆ.

ಹಿಂದಿನದು ಮಾತ್ರ ಮೂರು ದಿನ ಸತಾಯಿಸಿತು. ಕೊನೆಗೆ ಬಂದಾಗ ನೀವು ಹೇಳಿದ ತುಂಡನ್ನೂ ಜೊತೆಗೇ ಕಿತ್ತುಕೊಂಡು ಬಂತು. ಎರಡೂ ತುಕ್ಕು ಹಿಡಿದು ಒಂದಾಗಿಬಿಟ್ಟಿವೆ, ಸುತ್ತಿಗೆಗೂ ಬಗ್ಗಲಿಲ್ಲ. ಬಿಡಿಭಾಗದ ಅಂಗಡಿಗೆ ತಗೊಂಡು ಹೋಗಿ ಇಂಥದ್ದೇ ತುಂಡು ಬೇಕು ಅಂದೆ. ಅವರು ಕನ್ನಡಕ ಮೇಲೆ ಮಾಡಿ ನೋಡಿ, "ಈ ಗಾಡಿಗೆ ಇಂಥದ್ದು ಇಲ್ವೇ ಇಲ್ಲಮ್ಮ, ಯಾರೋ ಆಮೇಲೆ ಸೇರಿಸಿರೋದು" ಅಂದರು. ಇನ್ನೇನೋ ಹೇಳೋಕೆ ಹೋಗಿ, ಮುಂದಿನ ಗಿರಾಕಿ ಕಡೆ ತಿರುಗಿದರು. ಸರಿ, ಇಲ್ಲದೇ ಇರೋದನ್ನ ಎಲ್ಲಿಂದ ತರಲಿ? ಹೊಸ ಸೆನ್ಸರನ್ನ ನೇರ ಕೊಳವೆಗೇ ಹಾಕಿ ಬಿಗಿ ಮಾಡಿದೆ. ಕಂಪನಿಯವರು ಮಾಡಿದ ಹಾಗೇ ತಾನೆ.

ದೀಪ ಆರಿದೆ. ಮುಂದಿನ ವಾರ ಪರೀಕ್ಷೆ.

ಮೆಕ್ಯಾನಿಕ್ ಮೇಡಂ

—

ಮಾರ್ಚ್ 15

ತಂಗೀ,

ಇದು ಸಿಕ್ಕಿದ ಕೂಡಲೇ ಪರೀಕ್ಷೆ ಮುಂದೂಡು. ಆ ತುಂಡಿಲ್ಲದೆ ಹೋಗಬೇಡ. ನಾನು ಒಂದು ಮಾಡಿ ಕಳಿಸ್ತೀನಿ.

ಭಾವ

—

ಮಾರ್ಚ್ 27

ಭಾವ,

ನಿಮ್ಮ ಮೂರು ಸಾಲು ಬರೋ ಹೊತ್ತಿಗೆ ಊರೆಲ್ಲ ಕೊಳ್ಳೆ ಹೋಗಿತ್ತು. ದೀಪ ಆರು ದಿನ ಆರಿತ್ತು, ಏಳನೇ ದಿನ ಮತ್ತೆ ಹತ್ತಿತು. ಸೆನ್ಸರ್ ಎರಡೂ ಹೊಸದು, ಸಣ್ಣ ತಂತಿ ದೋಷ ಇರಬೇಕು, ಹೇಳಿದ್ರೆ ಕೇಳ್ತಾರೆ ಅಂತ ಧೈರ್ಯ ಮಾಡಿ ಪರೀಕ್ಷೆಗೆ ಹೋದೆ. ಫೇಲ್. ಈ ಸಲ ಸೆನ್ಸರಿನ ತಪ್ಪಲ್ಲ. ತಪಾಸಣೆಯವನು ಹೇಳಿದ್ದು ಇದು: "ನಿಮ್ಮ ಸೆನ್ಸರ್ ಎರಡೂ ಚಿನ್ನದ ಹಾಗಿವೆ ಅಕ್ಕಾ. ಹಿಂದಿನದು ಈಗ ಕಣ್ಣು ಬಿಟ್ಟು ನೋಡಿ ಹೇಳ್ತಿದೆ, ಕನ್ವರ್ಟರ್ ಡಬ್ಬ ಏನೂ ಕೆಲಸ ಮಾಡ್ತಿಲ್ಲ ಅಂತ."

ಎರಡು ಅವಕಾಶ ಮುಗೀತು, ಒಂದು ಉಳೀತು.

ಇದರ ಮೇಲೆ ಇನ್ನೊಂದು. ನಿನ್ನೆ ಆಸ್ಪತ್ರೆಯ ಹೆಡ್ ನರ್ಸ್ ನನ್ನನ್ನ ಪಕ್ಕಕ್ಕೆ ಕರೆದರು. ಒಳ್ಳೆಯವರು, ಜೋರಾಗಿ ಮಾತಾಡೋರಲ್ಲ. ಎಳೇ ಕೂಸುಗಳನ್ನ ಸುತ್ತೋ ಬಟ್ಟೆಯ ಒಂದು ಕಟ್ಟು ಬಿಚ್ಚಿ ನನ್ನ ಮೂಗಿನ ಹತ್ತಿರ ಹಿಡಿದರು. ಹೊಗೆ ವಾಸನೆ. ಬಹಳ ದಿನದಿಂದ ಇದೆಯಂತೆ, ಹೇಳೋಕೆ ಸಂಕೋಚ ಪಟ್ಟುಕೊಂಡಿದ್ರಂತೆ. ನನಗೆ ಗೊತ್ತೇ ಆಗಿಲ್ಲ ನೋಡಿ. ದಿನಾ ಅದರಲ್ಲೇ ಕೂತು ಕೂತು ನನ್ನ ಮೂಗಿಗೆ ಅದೇ ಗಾಳಿ ಆಗಿಹೋಗಿದೆ. ವ್ಯಾನಿಗೆ ವಾಪಸ್ ಬಂದು ಸ್ಟೇರಿಂಗ್ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ನಾಚಿಕೆಗೆ ಅತ್ತಿದ್ದು.

ಈಗ ಸುತ್ತಿ ಬಳಸಿ ಮಾತಾಡಬೇಡಿ, ಅಡ್ಡಗೋಡೆ ಮೇಲೆ ದೀಪ ಇಡಬೇಡಿ. ಆ ತುಂಡು ಏನು? ಯಾಕೆ ತೆಗೀಬೇಡ ಅಂದ್ರಿ?

ಎರಡು ಸಲ ಫೇಲಾದವಳು

—

ಏಪ್ರಿಲ್ 2

ತಂಗೀ,

ಜೊತೆಗಿರೋ ಪೊಟ್ಟಣದಲ್ಲಿ ತುಂಡು ಇದೆ. ನಾನೇ ಕಡೆದಿದ್ದು. ಕೊಳವೆಗೂ ಹಿಂದಿನ ಸೆನ್ಸರಿಗೂ ನಡುವೆ ಹಾಕಿ ಬಿಗಿ ಮಾಡು. ಸೆನ್ಸರಿನ ಮೂಗು ಹೊಗೆಯಿಂದ ಒಂದು ಬೆರಳು ಹಿಂದಕ್ಕೆ ಸರಿಯುತ್ತೆ. ಅದಕ್ಕೆ ಏನೂ ಸರಿಯಾಗಿ ಗೊತ್ತಾಗಲ್ಲ, ಎಲ್ಲ ಚೆನ್ನಾಗಿದೆ ಅಂತ ಹೇಳುತ್ತೆ. ನೂರೈವತ್ತು ಕಿಲೋಮೀಟರ್ ಓಡಿಸಿ ಆಮೇಲೆ ಪರೀಕ್ಷೆಗೆ ಹೋಗು. ಪಾಸಾಗ್ತೀಯ.

ನಾನು ಇಂಥ ಕೆಲಸ ಮಾಡೋನಾ ಅಂತ ನಿನಗೆ ಅನ್ನಿಸಬಹುದು. ಮಾಡಿದ್ದಕ್ಕೇ ತಾನೇ ಗ್ಯಾರೇಜಿಗೆ ಸೀಲ್ ಬಿದ್ದಿದ್ದು. ನಾಲ್ಕು ಗಾಡಿಯ ಡಬ್ಬ ಖಾಲಿ ಮಾಡಿ ಹೀಗೇ ತುಂಡು ಹಾಕಿದ್ದು ಊರಿಗೇ ಗೊತ್ತು. ಈ ವ್ಯಾನಿಗೂ ಮಾಡಿದ್ದೆ ಅಂತ ತಿಳ್ಕೋ. ನಿನ್ನ ಗಂಡನಿಗೆ ಇದು ಗೊತ್ತಿರಲಿಲ್ಲ.

ಡಬ್ಬ ಇಳಿಸೋಕೆ, ಕೊಯ್ಯೋಕೆ ಹೋಗಬೇಡ. ಅಲ್ಲಿ ನೋಡೋದೇನೂ ಇಲ್ಲ. ನನ್ನ ಮಾತು ಕೇಳು, ತಾಯಿ.

ಭಾವ

—

ಏಪ್ರಿಲ್ 14

ಭಾವ,

ಪೊಟ್ಟಣ ಬಂತು. ಮೂರು ದಿನ ಆ ತುಂಡನ್ನ ಅಡುಗೆಮನೆ ಗೂಡಲ್ಲಿಟ್ಟು ನೋಡಿದೆ. ಸುಳ್ಳು ಹೇಳಲ್ಲ, ಹಾಕಿಬಿಡೋಣ ಅನ್ನಿಸಿತು. ಇರೋದು ಒಂದೇ ಅವಕಾಶ, ಮನೇಲಿ ಮೂರು ಬಾಯಿ. ಹಾಕೋಕೆ ಅಂತಲೇ ಗಾಡಿ ಕೆಳಗೆ ಮಲಗಿದೆ. ಮಲಗಿದವಳಿಗೆ ಆ ಕೂಸು ಬಟ್ಟೆಯ ವಾಸನೆ ಮತ್ತೆ ಮೂಗಿಗೆ ಬಂತು. ತುಂಡು ಹಾಕಿದ್ರೆ ದೀಪ ಆರುತ್ತೆ, ಹೊಗೆ ಎಲ್ಲಿಗೆ ಹೋಗುತ್ತೆ? ಎದ್ದು ಬಂದು ಸೈಲೆನ್ಸರ್ ಅಂಗಡಿಗೆ ಓಡಿಸಿದೆ. ಡಬ್ಬ ಇಳಿಸೋಕೆ ಹೇಳಿದೆ. ಕೊಯ್ಸಿದೆ.

ಒಳಗೆ ಏನೂ ಇಲ್ಲ. ಜೇನುಗೂಡಿನ ಥರ ಇರಬೇಕಿತ್ತಂತೆ. ಯಾರೋ ಉಳಿ ಹಾಕಿ ಹೊಡೆದು ತೆಗೆದು, ತಗಡು ಮುಚ್ಚಿ ಮತ್ತೆ ವೆಲ್ಡಿಂಗ್ ಮಾಡಿದ್ದಾರೆ.

ಆ ವೆಲ್ಡಿಂಗ್ ನೋಡಿದೆ, ಭಾವ.

ನನ್ನನ್ನ ಏನು ಅಂದ್ಕೊಂಡಿದ್ರಿ? ಮದುವೆಯಾದ ಹೊಸದರಲ್ಲಿ ದಿನಾ ಮಧ್ಯಾಹ್ನ ಗ್ಯಾರೇಜಿಗೆ ಊಟ ತಂದು, ಕಪ್ಪು ಕನ್ನಡಕ ಹಾಕ್ಕೊಂಡು ನಿಮ್ಮ ತಮ್ಮನ ಪಕ್ಕ ಕೂತಿರ್ತಿದ್ದವಳು ನಾನು. ಇವರದು ಎಡಗೈ. ಇವರ ಬೆಸುಗೆಯ ಗೆರೆ ಬಲದಿಂದ ಎಡಕ್ಕೆ ಬರ್ತಿರಲಿಲ್ಲ, ಎಡದಿಂದ ಬಲಕ್ಕೆ ಹೋಗ್ತಿತ್ತು, ಒಂದರ ಮೇಲೊಂದು ಸರಿದ ಬಿಲ್ಲೆಗಳ ಹಾಗೆ. ನೀವು ಬಲಗೈಯವರು, ನಿಮ್ಮದು ಬಲದಿಂದ ಎಡಕ್ಕೆ. ನೀವಿಬ್ಬರೂ ಒಂದೇ ಕೊಳವೆಯ ಎರಡು ತುದಿಯಿಂದ ಶುರು ಮಾಡಿ ನಡುವೆ ಸೇರಿದಾಗ, ಯಾರ ಗೆರೆ ಚೆಂದ ಅಂತ ತೀರ್ಪು ಕೊಡ್ತಿದ್ದವಳೂ ನಾನೇ. ಸೈಲೆನ್ಸರ್ ಅಂಗಡಿಯವನಿಗೂ ತೋರಿಸಿ ಕೇಳಿದೆ. "ಇದು ಎಡಚನ ಕೆಲಸ, ಕೈ ಒಳ್ಳೇದು" ಅಂದ.

ಹಾಗಾದ್ರೆ ಆ ನಾಲ್ಕು ಗಾಡಿ ಯಾರು ಮಾಡಿದ್ದು? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಲ್ಲ ನಾವೆಲ್ಲ ಸೇರಿ, ಆ ಎಮ್ಮೆಗೆ ಬಾಯಿ ಇರಲಿಲ್ವಾ? ಆರು ವರ್ಷ ಒಂದು ಮಾತೂ ಆಡಲಿಲ್ಲ ನೀವು. ಈಗಲೂ ನನಗೆ ಸುಳ್ಳು ಬರೆದು, ಸುಳ್ಳಿಗೊಂದು ತುಂಡು ಕಡೆದು ಅಂಚೆಯಲ್ಲಿ ಕಳಿಸಿದ್ದೀರಿ. ನನಗೆ ಯಾರ ಮೇಲೆ ಸಿಟ್ಟು ಮಾಡಬೇಕು ಅಂತ ತಿಳೀತಿಲ್ಲ. ಸತ್ತವರ ಮೇಲೆ ಸಿಟ್ಟು ಮಾಡಿದ್ರೆ ಅವರು ಉತ್ತರ ಕೊಡಲ್ಲ. ಅದಕ್ಕೆ ನೀವು ಕೊಡಿ.

ನಾನು

—

ಏಪ್ರಿಲ್ 19

ತಂಗೀ,

ನಿನ್ನ ಹತ್ತಿರ ಇನ್ನು ಮುಚ್ಚಿಟ್ಟು ಫಲವಿಲ್ಲ. ತಮ್ಮನೇ ಮಾಡಿದ್ದು.

ಅವನು ಕೆಟ್ಟವನಲ್ಲ, ಇದನ್ನ ಮೊದಲು ಓದ್ಕೋ. ಮೊದಲನೇ ಗಾಡಿ ಒಬ್ಬ ತರಕಾರಿ ಮಾರೋನದು. ಡಬ್ಬ ಒಡೆದು ಕೊಳವೆ ಕಟ್ಟಿಕೊಂಡಿತ್ತು, ಹೊಸದು ಹಾಕಿಸೋಕೆ ಅವನ ಕೈಲಿ ಆಗ್ತಿರಲಿಲ್ಲ. ತಮ್ಮನಿಗೆ ಯಾರಾದ್ರೂ ಕೈಮುಗಿದು ನಿಂತ್ರೆ ಕರಗಿಹೋಗೋ ಮನಸ್ಸು. ಖಾಲಿ ಮಾಡಿ ಕೊಟ್ಟ. ಆ ತರಕಾರಿಯವನು ಇನ್ನೊಬ್ಬನಿಗೆ ಹೇಳಿದ. ಆಮೇಲೆ ನಮ್ಮ ವ್ಯಾನಿನ ಡಬ್ಬವೂ ಒಡೆಯಿತು, ಅದಕ್ಕೂ ಮಾಡಿದ. ಸೀಲ್ ಬೀಳೋ ಮೂರು ತಿಂಗಳ ಮೊದಲೇ ನನಗೆ ಗೊತ್ತಿತ್ತು. ಬೇಡವೋ ಅಂತ ಎರಡು ಸಲ ಅಂದೆ. ಮೂರನೇ ಸಲ ಅನ್ನಲಿಲ್ಲ. ಅದು ನನ್ನ ಪಾಲಿನ ತಪ್ಪು, ಸಣ್ಣದೇನಲ್ಲ.

ಅಧಿಕಾರಿ ಬಂದು "ಯಾರು ಮಾಡಿದ್ದು?" ಅಂತ ಕೇಳಿದಾಗ ತಮ್ಮ ನನ್ನ ಕಡೆ ಕೈ ತೋರಿಸಿದ. ನಾನು ಅವನ ಮುಖ ನೋಡಿದೆ. ಚಿಕ್ಕವನಿದ್ದಾಗ ಗಾಜು ಒಡೆದು ನನ್ನ ಬೆನ್ನ ಹಿಂದೆ ನಿಂತ್ಕೋತಿದ್ದ, ಅದೇ ಮುಖ. "ನಾನಲ್ಲ" ಅನ್ನೋಕೆ ನಾಲಿಗೆ ಏಳಲಿಲ್ಲ. ನಾಳೆ ಇವನೇ ನಿಜ ಹೇಳ್ತಾನೆ ಅಂದ್ಕೊಂಡೆ. ಒಂದು ವಾರ ಕಾದೆ. ಅಮ್ಮ ನನ್ನ ಜೊತೆ ಮಾತು ಬಿಟ್ಟಳು. ಹೊರಟು ಬಂದೆ. ಇಲ್ಲಿ ಹಾಲಿನ ಲಾರಿಗಳ ಡಿಪೋದಲ್ಲಿ ಕೆಲಸ ಸಿಕ್ಕಿತು, ಒಂದು ಕೋಣೆ ಕೊಟ್ಟಿದ್ದಾರೆ. ಚೆನ್ನಾಗಿದ್ದೀನಿ.

ನಿನಗೆ ತುಂಡು ಕಳಿಸಿದ್ದು ತಪ್ಪು. ನೀನು ಡಬ್ಬ ಕೊಯ್ದು ನೋಡ್ತೀಯ ಅನ್ನೋ ಹೆದರಿಕೆಯಲ್ಲಿ ಬುದ್ಧಿ ಕೆಟ್ಟಿತ್ತು. ಎಳೇ ಕೂಸುಗಳ ವಿಷಯ ನೀನು ಬರೆದಿದ್ದೆ, ಅದನ್ನ ಓದಿಯೂ ಕಳಿಸಿದೆನಲ್ಲ ಅಂತ ನಾಚಿಕೆ ಆಗ್ತಿದೆ. ಅದನ್ನ ಕೆರೆಗೆ ಎಸಿ.

ಹೊಸ ಡಬ್ಬ ಹಾಕಿಸು. ಎಲ್ಲ ಗಾಡಿಗೂ ಆಗುತ್ತೆ ಅಂತ ಮಾರೋ ಅಗ್ಗದ್ದು ಬೇಡ, ಈ ವ್ಯಾನಿನ ಹೆಸರಿಗೇ ಬಂದಿರೋದು ಕೇಳು. ಬಿಡಿಭಾಗದ ಅಂಗಡಿಯವರಿಗೆ ನಾನು ಹೇಳಿದ್ದೀನಿ, ಡಬ್ಬ ಅವರೇ ಕೊಡ್ತಾರೆ, ದುಡ್ಡಿನ ವಿಷಯ ಮಾತಾಡಬೇಡ. ಜೋಡಿಸಿದ ಮೇಲೆ ಸೋಪಿನ ನೊರೆ ಹಚ್ಚಿ, ಕೀಲಿನಲ್ಲಿ ಎಲ್ಲೂ ಗುಳ್ಳೆ ಬರದ ಹಾಗೆ ನೋಡು. ಗಾಳಿ ಸೋರಿದ್ರೆ ಒಳ್ಳೇ ಸೆನ್ಸರೂ ತಪ್ಪು ಹೇಳುತ್ತೆ. ಬ್ಯಾಟರಿ ಮುಟ್ಟಬೇಡ. ಊರಾಚೆ ರಸ್ತೆಯಲ್ಲಿ ಒಂದೇ ವೇಗದಲ್ಲಿ ಓಡಿಸು, ಊರೊಳಗೆ ನಿಂತು ನಿಂತು ಓಡಿಸು, ರಾತ್ರಿಯಿಡೀ ತಣ್ಣಗೆ ಬಿಟ್ಟು ಬೆಳಗ್ಗೆ ಸ್ಟಾರ್ಟ್ ಮಾಡು. ನಾಲ್ಕು ದಿನ ಹೀಗೆ. ಅಷ್ಟರಲ್ಲಿ ಕಂಪ್ಯೂಟರ್ ತನ್ನ ತಪಾಸಣೆ ತಾನೇ ಮುಗಿಸಿರುತ್ತೆ.

ಒಂದೇ ಒಂದು ಬೇಡಿಕೆ. ಅಮ್ಮನಿಗೆ ಹೇಳಬೇಡ. ಒಬ್ಬ ಮಗ ಕೆಟ್ಟವನು ಅಂತ ಅವಳು ಹೇಗೋ ಅರಗಿಸಿಕೊಂಡಿದ್ದಾಳೆ. ಸತ್ತ ಮಗನೂ ಹಾಗೇ ಅಂತ ಗೊತ್ತಾದ್ರೆ ಅವಳ ಹತ್ತಿರ ಏನು ಉಳಿಯುತ್ತೆ? ನನಗೆ ಅಭ್ಯಾಸ ಆಗಿದೆ.

ಭಾವ

—

ಮೇ 1

ಭಾವ,

ಪಾಸ್.

ಮೊನ್ನೆ, ಏಪ್ರಿಲ್ ಇಪ್ಪತ್ತೊಂಬತ್ತಕ್ಕೆ, ಬಾಗಿಲು ಮುಚ್ಚೋಕೆ ಒಂದು ದಿನ ಮುಂಚೆ. ತಪಾಸಣೆಯವನು ಕೊಳವೆಯಲ್ಲಿ ನಳಿಗೆ ಇಟ್ಟ, ಕಂಪ್ಯೂಟರಿಗೆ ತಂತಿ ಚುಚ್ಚಿದ, ಪರದೆ ನೋಡಿದ, ಇನ್ನೊಂದು ಸಲ ನೋಡಿದ. "ಅಕ್ಕಾ, ಹೋದ ವಾರ ಬಂದ ನಾಲ್ಕು ವರ್ಷದ ಗಾಡಿಗಿಂತ ನಿಮ್ಮ ಮುದುಕಿಯ ಉಸಿರು ಚೆನ್ನಾಗಿದೆ" ಅಂತ ಹೇಳಿ ಚೀಟಿ ಹರಿದುಕೊಟ್ಟ. ಅಲ್ಲೇ ಸರತಿಯಲ್ಲಿ ನಿಂತಿದ್ದವರ ಮುಂದೆ ಅತ್ತುಬಿಟ್ಟೆ. ನಿನ್ನೆ ಹೆಡ್ ನರ್ಸ್ ಬಟ್ಟೆ ಕಟ್ಟು ಮೂಸಿ ನೋಡಿ, ನನ್ನ ಭುಜ ತಟ್ಟಿ ಹೋದರು.

ನಿಮ್ಮ ಮಾತು ಉಳಿಸಿದ್ದೀನಿ. ಇಷ್ಟ ಇಲ್ಲದೆ ಉಳಿಸಿದ್ದು ಅನ್ನೋದೂ ನಿಮಗೆ ಗೊತ್ತಿರಲಿ. ಕೊಯ್ದ ಹಳೇ ಡಬ್ಬವನ್ನ ಗುಜರಿಗೆ ಹಾಕೋಣ ಅಂತ ಹಿತ್ತಲ ಬಾಗಿಲ ಹತ್ತಿರ ಇಟ್ಟಿದ್ದೆ. ಅತ್ತೆ ಬಟ್ಟೆ ಒಣಗಿಸೋಕೆ ಹೋದವರು ಅದರ ಮುಂದೆ ಕೂತ್ಕೊಂಡ್ರು. ಕಣ್ಣು ಮಂಜು ಅಲ್ವಾ, ಕೈಯಿಂದ ಸವರಿ ನೋಡಿದರು. "ಒಳಗೆ ಏನೂ ಇಲ್ವಲ್ಲ?" ಅಂದರು. "ತುಕ್ಕು ತಿಂದುಬಿಟ್ಟಿದೆ ಅತ್ತೆ" ಅಂದೆ. ನನ್ನ ಜನ್ಮದಲ್ಲಿ ಅವರಿಗೆ ಹೇಳಿದ ಮೊದಲ ಸುಳ್ಳು ಅಲ್ಲ, ಆದ್ರೆ ಗಂಟಲಲ್ಲಿ ಸಿಕ್ಕಿಕೊಂಡಿದ್ದು ಇದೊಂದೇ. ಆಗಿನಿಂದ ಅವರು ಸರಿಯಾಗಿ ಊಟ ಮಾಡ್ತಿಲ್ಲ, ಪುಟ್ಟಿ ಜೊತೆಗೂ ಮಾತಿಲ್ಲ.

ನಿಮಗೆ ಅಭ್ಯಾಸ ಆಗಿದೆ ಅಂತ ಬರೆದ್ರಲ್ಲ, ಆ ಸಾಲನ್ನ ನಾನು ಎಷ್ಟು ಸಲ ಓದಿದ್ದೀನೋ. ನನಗೆ ಅಭ್ಯಾಸ ಆಗ್ತಿಲ್ಲ, ಭಾವ. ನನ್ನನ್ನ ಕ್ಷಮಿಸಿ. ಮಿಕ್ಕಿದ್ದ ಬೈಗುಳವನ್ನೂ ವಾಪಸ್ ತಗೊಂಡಿದ್ದೀನಿ, ಒಂದೂ ಬಿಡದೆ.

ನಿಮ್ಮ ತಂಗಿ

—

ಮೇ 4

ಭಾವ, ಇದು ಅತ್ತೆಯ ಕಾಗದ. ಇವತ್ತು ಬೆಳಗ್ಗೆ ಎದ್ದವರೇ "ಪೆನ್ನು ತಗೋ, ಡಿಪೋಗೆ ಕಾಗದ ಬರೀಬೇಕು" ಅಂದರು. ನಾನು ನಿಮಗೆ ಬರೀತಿರೋದು ಅವರಿಗೆ ಯಾವಾಗ ಗೊತ್ತಾಯ್ತೋ. "ನಾನು ಹೇಳಿದ್ದಷ್ಟನ್ನೇ ಬರಿ, ನಿನ್ನ ಒಗ್ಗರಣೆ ಬೇಡ" ಅಂತ ಆಜ್ಞೆ ಆಗಿದೆ.

ದೊಡ್ಡೋನೇ,

ನಿನ್ನ ಅಮ್ಮ ಹೇಳಿ ಬರೆಸ್ತಿರೋದು. ಇವಳು ಡಬ್ಬಕ್ಕೆ ತುಕ್ಕು ಹಿಡಿದಿದೆ ಅಂದಳು. ನಲವತ್ತು ವರ್ಷ ಗ್ಯಾರೇಜಿನವರ ಮನೇಲಿ ಬಾಳಿದೋಳು ನಾನು. ತುಕ್ಕು ತಿಂದಿದ್ದು ಯಾವುದು, ಉಳಿ ಹೊಡೆದಿದ್ದು ಯಾವುದು ಅಂತ ಬೆರಳಿಗೆ ಗೊತ್ತಾಗುತ್ತೆ. ನನ್ನನ್ನ ಕಾಪಾಡೋಕೆ ಸುಳ್ಳು ಹೇಳಿದಳು ಪಾಪ. ನೀನೇ ಹೇಳಬೇಡ ಅಂದಿರ್ತೀಯ.

ನನಗೆ ಗೊತ್ತಾಗೋಕೆ ಡಬ್ಬ ಬೇಕಿರಲಿಲ್ಲ. ಸೀಲ್ ಹಾಕಿದ ದಿನ ಸಂಜೆನೇ ಚಿಕ್ಕೋನು ಅಡುಗೆಮನೇಲಿ ನನ್ನ ಕಾಲ ಹತ್ತಿರ ಕೂತು ಎಲ್ಲ ಹೇಳಿದ. "ನಾಳೆ ಹೋಗಿ ನಾನೇ ಮಾಡಿದ್ದು ಅಂತ ಒಪ್ಕೋತೀನಮ್ಮ" ಅಂದ. ಬೇಡ ಅಂದೋಳು ನಾನು.

ಭಾವ, ಇಲ್ಲಿ ನನ್ನ ಪೆನ್ನು ನಿಂತಿತು. ಅತ್ತೆ "ಬರಿ" ಅಂದರು. ಬರೀತಿದ್ದೀನಿ.

"ನಿನಗೆ ಹೆಂಡತಿ ಇದ್ದಾಳೆ, ಅವಳ ಹೊಟ್ಟೇಲಿ ನಾಲ್ಕು ತಿಂಗಳ ಕೂಸು ಇದೆ, ದೊಡ್ಡೋನಿಗೆ ಹಿಂದಿಲ್ಲ ಮುಂದಿಲ್ಲ, ಅವನು ತಡ್ಕೋತಾನೆ, ನೀನು ಬಾಯಿ ಮುಚ್ಕೊಂಡಿರು" ಅಂದೆ ಅವನಿಗೆ. ದೊಡ್ಡೋನೇ, ನಿನಗೆ ನಾನಿದ್ದೆ. ಅದು ಆಗ ನನ್ನ ತಲೆಗೇ ಬರಲಿಲ್ಲ. ನಿನ್ನ ಜೊತೆ ಮಾತು ಬಿಟ್ಟಿದ್ದು ಸಿಟ್ಟಿಗಲ್ಲ, ಮುಖ ನೋಡಿ ಮಾತಾಡೋ ಧೈರ್ಯ ಇರಲಿಲ್ಲ. ನೀನು ಚೀಲ ಹೆಗಲಿಗೆ ಹಾಕ್ಕೊಂಡು ಬಾಗಿಲಲ್ಲಿ ನಿಂತಾಗ ನಾನು ಒಳಗೆ ಪಾತ್ರೆ ತಿಕ್ಕುತ್ತಾ ಇದ್ದೆ. ತಿಕ್ಕಿದ ಪಾತ್ರೆಯನ್ನೇ ಮತ್ತೆ ತಿಕ್ಕುತ್ತಾ ಇದ್ದೆ. ಚಿಕ್ಕೋನು ಆಮೇಲೆ ಒಂದು ದಿನವೂ ನೆಮ್ಮದಿಯಾಗಿ ಉಣ್ಣಲಿಲ್ಲ. ಒಬ್ಬನನ್ನ ಉಳಿಸ್ತೀನಿ ಅಂತ ಇಬ್ಬರನ್ನೂ ಕಳ್ಕೊಂಡೆ.

ಅವನು ಸತ್ತಾಗ ನಿನ್ನನ್ನ ಬರಬೇಡ ಅಂತ ಹೇಳಿಕಳಿಸಿದ್ದೂ ಇದಕ್ಕೇ. ನೀನು ಬಂದು ಅವನ ತಲೆ ಹತ್ತಿರ ನಿಂತಿದ್ರೆ ಅಷ್ಟು ಜನರ ಮುಂದೆ ನಾನು ಎಲ್ಲ ಹೇಳಿಬಿಡ್ತಿದ್ದೆ. ಹೆಣ ಆದಮೇಲೂ ಅವನ ಮರ್ಯಾದೆಯನ್ನೇ ಕಾದೆ. ನಿನ್ನದನ್ನ ಯಾವತ್ತೂ ಕಾಯಲಿಲ್ಲ.

ಮನೆಗೆ ಬಾ ಅಂತ ಕರೆಯೋಕೆ ನನಗೆ ಮುಖ ಇಲ್ಲ. ಅದಕ್ಕೆ ನಾನೇ ಬರ್ತೀನಿ. ವ್ಯಾನಿಗೆ ಈಗ ಚೀಟಿ ಇದೆ, ಎಲ್ಲಿಗೆ ಬೇಕಾದ್ರೂ ಹೋಗಬಹುದಂತೆ. ಬರೋ ಭಾನುವಾರ ನಿನ್ನ ಡಿಪೋ ಗೇಟಿನ ಹತ್ತಿರ ನಿಲ್ಲಿಸಿಕೊಂಡು ಕೂತಿರ್ತೀವಿ. ನಿನಗೆ ಹೊರಗೆ ಬರಬೇಕು ಅನ್ನಿಸಿದ್ರೆ ಬಾ. ಅನ್ನಿಸದಿದ್ರೆ ತಪ್ಪೇನಿಲ್ಲ, ಸಂಜೆವರೆಗೆ ಕೂತಿದ್ದು ವಾಪಸ್ ಹೋಗ್ತೀವಿ. ಅದರ ಮುಂದಿನ ಭಾನುವಾರ ಮತ್ತೆ ಬರ್ತೀವಿ.

ಅಮ್ಮ

ಭಾವ, ಮೇಲಿರೋ ಸೊಟ್ಟ ಗೆರೆ ಅವರೇ ಹಾಕಿದ ಸಹಿ. ಬರೆದು ಮುಗಿಸಿ ಒಂದು ಗಂಟೆ ಆಯ್ತು. ನನಗೆ ಇನ್ನೂ ಅವರ ಮುಖ ನೋಡೋಕೆ ಆಗ್ತಿಲ್ಲ, ಅವರೂ ನೋಡು ಅಂತ ಕೇಳ್ತಿಲ್ಲ. ಆದ್ರೂ ವ್ಯಾನ್ ಓಡಿಸೋದು ನಾನೇ. ನಾಲ್ಕು ಗಂಟೆ ದಾರಿ. ಹನ್ನೊಂದಕ್ಕೆ ಗೇಟಿನ ಹತ್ತಿರ ಇರ್ತೀವಿ, ಮೂವರೂ.